ಹನ್ನೆರಡು ಜಿನ್ನು, ಹನ್ನೆರಡು ಹಸಿವು

ಡಿಸೆಂಬರ್ ತಿಂಗಳು, ಜಿನ್ನಿಂಗ್ ಅಂದರೆ ಹತ್ತಿಯಿಂದ ಕಾಳು ಬಿಡಿಸುವ ಸೀಜನ್ನಿನ ಭರಾಟೆ. ಈ ದಿನಗಳಲ್ಲಿ ರಾತ್ರಿ ಹತ್ತಕ್ಕೆ ನನಗೆ ಫೋನ್ ಬಂತೆಂದರೆ ಎಲ್ಲೋ ಒಂದು ಮಿಲ್ಲು ನಿಂತಿದೆ ಅಂತಲೇ ಲೆಕ್ಕ. ಆ ರಾತ್ರಿ ಫೋನ್ ಮಾಡಿದ ಸಾಹುಕಾರರ ಮಿಲ್ಲು ನಿಂತಿರಲಿಲ್ಲ, ಓಡುತ್ತಿತ್ತು. ಆದರೂ ಅವರ ದನಿಯಲ್ಲಿ ಮಿಲ್ಲು ಸುಟ್ಟುಹೋದಷ್ಟು ಸಂಕಟ.

"ಸರ, ಆಟೋ ಫೀಡರ್ ಹಾಕ್ಸಿ ಮೂರು ವಾರ ಆತು. ಮೊದ್ಲು ಹೆಣ್ಮಕ್ಳು ಕೈಲೆ ಹತ್ತಿ ಹಾಕ್ತಿದ್ರಲ್ಲ, ಅದಕ್ಕಿಂತ ಅರಳಿ ಕಡಿಮಿ ಬರಾಕತ್ತೇತಿ. ಕಾಳು ನೋಡಿದ್ರ ಎಳಿ ಹಂಗೇ ಅಂಟ್ಕೊಂಡಿರ್ತೇತಿ. ರೊಕ್ಕ ಕೊಟ್ಟು ತಲಿನೋವು ತಂದ್ಕೊಂಡಂಗಾತು. ಒಮ್ಮೆ ಬಂದು ನೋಡ್ರಿ."

ಧಾರವಾಡ-ಗದಗ ಸೀಮೆಯ ಮಧ್ಯಮ ಗಾತ್ರದ ಮಿಲ್ಲು ಅದು. ಹೆಸರು ಬೇಡ. ಒಂದೇ ಸಾಲಿನಲ್ಲಿ ಹನ್ನೆರಡು ಡಬಲ್ ರೋಲರ್ ಜಿನ್ನುಗಳು. ಜಿನ್ನು ಹಳೆಯವು, ಅವಕ್ಕೆ ತಾನಾಗಿಯೇ ಹತ್ತಿ ಉಣಿಸುವ ಫೀಡರ್ ಮಾತ್ರ ಹೊಸವು. ಈ ಜೋಡಿಯೇ ಮುಂದಿನ ಕಥೆಗೆಲ್ಲ ಮೂಲ.

ಜಿನ್ನು ಕಂಡಿರದವರಿಗೆ ಒಂದು ಮಾತು. ಹೊಲದಿಂದ ಬರುವ ಹತ್ತಿಯಲ್ಲಿ ಕಾಳೇ ಜಾಸ್ತಿ. ನೂರು ಕೆಜಿ ಹತ್ತಿಯಲ್ಲಿ ಅರಳೆ ಸಿಗುವುದು ಸುಮಾರು ಮೂರನೇ ಒಂದು ಭಾಗ, ಉಳಿದದ್ದು ಕಾಳು ಮತ್ತು ಕಸ. ಹಾಗಾಗಿ 170 ಕೆಜಿಯ ಒಂದು ಬೇಲ್, ಅಂದರೆ ಒತ್ತಿದ ಅರಳೆಯ ಮೂಟೆ, ಕಟ್ಟಲು ಐದು ಕ್ವಿಂಟಲ್ ಹತ್ತಿ ಬೇಕಾಗುತ್ತದೆ. ಕಾಳು ಬೇರೆ, ಎಳೆ ಬೇರೆ ಮಾಡುವುದೇ ಜಿನ್ನಿನ ಕೆಲಸ. ಡಬಲ್ ರೋಲರ್ ಜಿನ್ನಿನಲ್ಲಿ ಚರ್ಮದ ಬಿಲ್ಲೆಗಳನ್ನು ಒತ್ತಾಗಿ ಪೋಣಿಸಿ ಮಾಡಿದ ಎರಡು ರೋಲರ್ ಇರುತ್ತವೆ. ಮೈಮೇಲೆ ಸುರುಳಿಯಾಗಿ ಕೊರೆದ ಗಾಡಿ, ಅಂದರೆ ಸಣ್ಣ ತೋಡು. ಒಂದೊಂದು ರೋಲರಿಗೂ ಒತ್ತಿಕೊಂಡು ನಿಂತ ಒಂದೊಂದು ಚಾಕು. ನಡುವೆ ಒಂದು ಆಡುವ ಚಾಕು. ರೋಲರ್ ಎಳೆಯನ್ನು ಹಿಡಿದು ನಿಂತ ಚಾಕುವಿನ ಅಡಿಗೆ ಎಳೆದುಕೊಳ್ಳುತ್ತದೆ. ಕಾಳು ಒಳಗೆ ಹೋಗಲಾರದೆ ಅಲ್ಲೇ ಸಿಕ್ಕಿಬೀಳುತ್ತದೆ. ಆಡುವ ಚಾಕು ಅದನ್ನು ತಟ್ಟಿ ತಟ್ಟಿ ಬಿಡಿಸುತ್ತದೆ. ಬೋಳಾದ ಕಾಳು ಕೆಳಗಿನ ಜಾಲರಿಯಿಂದ ಉದುರುತ್ತದೆ. 1840ರಲ್ಲಿ ಅಮೆರಿಕದ ಮೆಕಾರ್ಥಿ ಪೇಟೆಂಟ್ ಪಡೆದ ರೋಲರ್ ಜಿನ್ನಿನ ವಂಶವೇ ಇದು. ಗರಗಸದ ಜಿನ್ನಿನ ಹಾಗೆ ಎಳೆಯನ್ನು ಹರಿಯುವುದಿಲ್ಲ. ಅದಕ್ಕೇ ಉದ್ದ ಎಳೆಯ ಹತ್ತಿಗೆ ಇದೇ ಒಳ್ಳೆಯದು. 1972ರಲ್ಲಿ ಧಾರವಾಡದಲ್ಲಿ ಹತ್ತಿ ತಳಿ ವಿಜ್ಞಾನಿ ಕಟರಕಿಯವರು ವರಲಕ್ಷ್ಮಿ ಹೈಬ್ರಿಡ್ ಕೊಟ್ಟ ಮೇಲೆ ನಮ್ಮ ಕಡೆ ಉದ್ದ ಎಳೆಯ ಹತ್ತಿ ಹೊಸದೇನೂ ಅಲ್ಲ, ರೋಲರ್ ಜಿನ್ನೂ ಹೊಸದಲ್ಲ.

ಈ ಜಿನ್ನುಗಳು ಬರುವ ಮೊದಲು? ಒಂದು ಚಪ್ಪಟೆ ಕಲ್ಲು, ಒಂದು ಕಬ್ಬಿಣದ ಸರಳು. ಈ ಸೀಮೆಯ ಹೆಂಗಸರು ಹತ್ತಿಯನ್ನು ಕಲ್ಲಿನ ಮೇಲೆ ಹರವಿ, ಸರಳನ್ನು ಪಾದದಿಂದ ಉರುಳಿಸಿ ಕಾಳು ಬಿಡಿಸುತ್ತಿದ್ದರು. ಪಾದವೇ ಜಿನ್ನು, ಕೈಯೇ ಫೀಡರ್. ಇದನ್ನು ಹಳೇ ಕಾಲದ ಚಂದಕ್ಕಾಗಿ ಹೇಳುತ್ತಿಲ್ಲ. ಕಾಲು ಎಷ್ಟು ಉರುಳಿಸಬಲ್ಲದೋ ಅಷ್ಟೇ ಹತ್ತಿಯನ್ನು ಕೈ ಇಡುತ್ತಿತ್ತು. ಎರಡಕ್ಕೂ ಯಜಮಾನಿ ಒಬ್ಬಳೇ ಆದ್ದರಿಂದ ಲೆಕ್ಕ ತಪ್ಪುತ್ತಿರಲಿಲ್ಲ. ಈ ಮಿಲ್ಲಿನಲ್ಲಿ ತಪ್ಪಿದ್ದು ಆ ಲೆಕ್ಕವೇ ಅಂತ ನನಗೆ ಹೊಳೆಯಲು ಎರಡು ದಿನ ಬೇಕಾಯಿತು.

ಕಳೆದ ಸೀಜನ್ನಿನವರೆಗೂ ಇಲ್ಲಿ ಉಣಿಸುತ್ತಿದ್ದದ್ದು ಕೈಯೇ. ಬುಟ್ಟಿಯಲ್ಲಿ ಹತ್ತಿ ಹೊತ್ತು ತಂದು ಜಿನ್ನಿನ ಪಕ್ಕ ಸುರಿಯುವವರು ಬೇರೆ. ಎತ್ತರದ ಕಟ್ಟೆಯ ಮೇಲೆ ನಿಂತು ರೋಲರಿನ ಉದ್ದಕ್ಕೂ ಹರವಿ ಹಾಕುವವರು ಬೇರೆ. ಎಂಟು ತಾಸು ನಿಂತೇ ಕೆಲಸ, ಮುಖಕ್ಕೆಲ್ಲ ಧೂಳು, ಮೂಗಿಗೆ ಸೆರಗು. ಕೆಮ್ಮದೆ ಮನೆಗೆ ಹೋದವರನ್ನು ನಾನು ಕಂಡಿಲ್ಲ. ಕಾನೂನಿಗೂ ಹತ್ತಿ ಮಿಲ್ಲಿನ ಮೇಲೆ ಒಂದು ಕಣ್ಣಿತ್ತು. 1948ರ ಕಾರ್ಖಾನೆ ಕಾಯ್ದೆಯ 27ನೇ ಕಲಮು, ಹತ್ತಿ ಒತ್ತಿ ಬೇಲ್ ಕಟ್ಟುವ ಪ್ರೆಸ್ ಫ್ಯಾಕ್ಟರಿಯಲ್ಲಿ, ಹತ್ತಿಯ ಉಂಡೆ ಬಿಡಿಸುವ ಓಪನರ್ ಯಂತ್ರ ಓಡುತ್ತಿರುವ ಕಡೆ ಹೆಂಗಸರನ್ನೂ ಮಕ್ಕಳನ್ನೂ ಕೆಲಸಕ್ಕೆ ಇಡಬಾರದು ಎಂದಿತು. ಹತ್ತಿ ಉಣಿಸುವ ಬದಿಗೂ ಹೊರಬೀಳುವ ಬದಿಗೂ ನಡುವೆ ಗೋಡೆ ಇದ್ದರೆ ಮಾತ್ರ ಉಣಿಸುವ ಬದಿಯಲ್ಲಿ ಇರಬಹುದು ಎಂದೂ ಹೇಳಿತು. ಅದು ಓಪನರಿನ ಮಾತು, ಜಿನ್ನಿನದಲ್ಲ. ಜಿನ್ನಿಗೆ ಅಂಥ ಗೋಡೆ ಯಾರೂ ಕಟ್ಟಲಿಲ್ಲ.

2000ನೇ ಇಸವಿಯಲ್ಲಿ ಕೇಂದ್ರ ಸರ್ಕಾರ ಹತ್ತಿಗಾಗಿ ಟೆಕ್ನಾಲಜಿ ಮಿಷನ್ ಶುರು ಮಾಡಿತು. ಜಿನ್ನಿಂಗ್-ಪ್ರೆಸ್ಸಿಂಗ್ ಮಿಲ್ಲುಗಳ ಸುಧಾರಣೆಗೆ ಅದರಲ್ಲೇ ಒಂದು ಬೇರೆ ಭಾಗವಿತ್ತು. ಆಗ ದೊಡ್ಡ ಮಿಲ್ಲುಗಳಿಗೆ ಅದರ ನೆರವಿನಿಂದ ಫೀಡರ್, ಕನ್ವೇಯರ್, ಸಿಮೆಂಟಿನ ಕಟ್ಟೆ ಎಲ್ಲ ಬಂದವು. ನಮ್ಮ ಸಾಹುಕಾರರು ಆಗ ಮನಸ್ಸು ಮಾಡಿರಲಿಲ್ಲ. ಆಳು ಸಿಗದಂತಾದ ಮೇಲೆ ಈಗ ಮಾಡಿದರು, ಅದೂ ಸ್ವಂತ ದುಡ್ಡಿನಲ್ಲಿ. ಅವರ ಹೊಟ್ಟೆಯುರಿಗೆ ಅರ್ಧ ಕಾರಣ ಇದೇ ಅಂತ ನನ್ನ ಗುಮಾನಿ.

ಮೊದಲ ದಿನ ನಾನು ಏನನ್ನೂ ಮುಟ್ಟಲಿಲ್ಲ. ಸುಮ್ನೆ ಒಂದು ಡಬ್ಬಿಯ ಮೇಲೆ ಕೂತು ನೋಡಿದೆ.

ಹತ್ತಿಯ ಪಯಣ ಹೀಗಿತ್ತು. ಕಟ್ಟೆಯ ಮೇಲಿನ ರಾಶಿಯಿಂದ ಹೀರು ಪೈಪಿನ ಬಾಯಿಗೆ. ಅಲ್ಲಿಂದ ಕಸ ಬಿಡಿಸುವ ಕ್ಲೀನರಿಗೆ. ಆಮೇಲೆ ಜಿನ್ನುಗಳ ನೆತ್ತಿಯ ಮೇಲೆ ಉದ್ದಕ್ಕೂ ಹೋಗುವ, ಸುರುಳಿ ತಿರುಗಿಸಿ ಹತ್ತಿಯನ್ನು ಮುಂದೆ ತಳ್ಳುವ ಸ್ಕ್ರೂ ಕನ್ವೇಯರಿಗೆ. ಕನ್ವೇಯರಿನಿಂದ ಪ್ರತಿ ಜಿನ್ನಿಗೂ ಒಂದು ಗಂಟಲು. ಅದರ ಕೆಳಗೆ ಫೀಡರ್. ಮೊದಲು ಹತ್ತಿ ತುಂಬಿಕೊಳ್ಳುವ ಹಾಪರ್, ಅದರ ತಳದಲ್ಲಿ ನಿಧಾನವಾಗಿ ತಿರುಗುವ ಎರಡು ಫೀಡ್ ರೋಲರ್, ಅವುಗಳ ಕೆಳಗೆ ಜೋರಾಗಿ ತಿರುಗುವ ಮುಳ್ಳಿನ ಸಿಲಿಂಡರ್. ಫೀಡ್ ರೋಲರ್ ತುತ್ತು ಮಾಡುತ್ತದೆ. ಮುಳ್ಳು ಆ ತುತ್ತನ್ನು ಬಿಡಿಸಿ, ಜಾಲರಿಗೆ ತಟ್ಟಿ, ಎಲೆ ಪುಡಿ ಉದುರಿಸಿ, ಸಡಿಲ ಮಾಡಿ ಜಿನ್ನಿಗೆ ಬಿಡುತ್ತದೆ. ಯಂತ್ರ ಚೆನ್ನಾಗಿಯೇ ಇತ್ತು. ಬೆಸುಗೆ ಬಿಗಿ, ಬೇರಿಂಗ್ ತಣ್ಣಗೆ. ಎಲ್ಲೂ ತಕರಾರು ಮಾಡುವಂತಿರಲಿಲ್ಲ.

ಆದರೆ ಸಾಲು ನೋಡಿದರೆ ಬೇರೆಯೇ ಚಿತ್ರ. ಮೊದಲ ಮೂರು ಜಿನ್ನುಗಳ ಹಾಪರ್ ಕಂಠದವರೆಗೆ ತುಂಬಿ ಉಕ್ಕುತ್ತಿತ್ತು. ಕೊನೆಯ ಮೂರಕ್ಕೆ ಬರುತ್ತಿದ್ದದ್ದು ಚೂರುಪಾರು. ಹತ್ತಿ ಇಲ್ಲದ ರೋಲರ್ ಬರೀ ಚಾಕುವಿಗೆ ಉಜ್ಜಿಕೊಂಡು ತಿರುಗುತ್ತಿತ್ತು, ಚರ್ಮ ಕಾದ ವಾಸನೆ ಬರುತ್ತಿತ್ತು. ಇದು ಸಣ್ಣ ವಿಷಯವಲ್ಲ. ಬರಿದೇ ಓಡುವ ರೋಲರ್ ಬೇಗ ಸವೆಯುತ್ತದೆ. ಆ ಪುಡಿ ಅರಳೆಗೆ ಸೇರುತ್ತದೆ. ಚರ್ಮ ಕ್ರೋಮಿನಿಂದ ಹದ ಮಾಡಿದ್ದು, ನೂಲಿನ ಗಿರಣಿಯವರು ಅದಕ್ಕೆ ಮುಖ ಸಿಂಡರಿಸುತ್ತಾರೆ. ನಡುವಿನ ಕೆಲವು ಜಿನ್ನುಗಳಲ್ಲಿ ಹತ್ತಿ ಚಾಕುವಿನ ಮೇಲೆ ಗುಡ್ಡೆ ಬಿದ್ದು, ಕಾಳು ಉದುರಲು ದಾರಿಯಿಲ್ಲದೆ ಅಲ್ಲೇ ಮತ್ತೆ ಮತ್ತೆ ಏಟು ತಿನ್ನುತ್ತಿತ್ತು. ಕೆಳಗಿನ ಕಾಳನ್ನು ಬೊಗಸೆಯಲ್ಲಿ ಹಿಡಿದು ನೋಡಿದೆ. ಒಡೆದ ಕಾಳು ಒಂದಿಷ್ಟು, ಎಳೆ ಅಂಟಿಕೊಂಡು ಗಡ್ಡ ಬಿಟ್ಟ ಕಾಳು ಇನ್ನೊಂದಿಷ್ಟು.

ಕಾರಣ ಕೇಳಿದರೆ ಬಾಯಿಗೊಂದು ಉತ್ತರ. ಫೀಡರ್ ಮಾರಿದ ಕಂಪನಿಯ ಹುಡುಗ, "ಹತ್ತಿ ಹಸಿ ಇದೆ ಸರ್" ಅಂದ. ಮಿಸ್ತ್ರಿ, "ಫೀಡರೇ ಸರಿ ಇಲ್ರಿ" ಅಂದ. ಸಾಹುಕಾರರ ಪ್ರಕಾರ ಪೈಪಿನ ಬಾಯಿಯಲ್ಲಿ ನಿಂತವರು ಮೈಗಳ್ಳರು. ನನಗೂ ಒಂದು ಉತ್ತರ ಹೊಳೆಯಿತು. ಹತ್ತಿ ಸಾಲದು, ಅದಕ್ಕೇ ಸಾಲಿನ ಬಾಲಕ್ಕೆ ಮುಟ್ಟುತ್ತಿಲ್ಲ, ಕನ್ವೇಯರಿಗೆ ಜಾಸ್ತಿ ಹತ್ತಿ ಬಿಟ್ಟರಾಯಿತು. ಪೈಪಿನ ಹತ್ತಿರ ಇನ್ನಿಬ್ಬರನ್ನು ನಿಲ್ಲಿಸಿದೆವು. ಒಂದು ತಾಸಿನಲ್ಲಿ ಬಾಲದ ಜಿನ್ನುಗಳಿಗೂ ಹತ್ತಿ ಮುಟ್ಟಿತು. ನಾನು ಹೆಮ್ಮೆಯಿಂದ ಚಹಾ ತರಿಸಿದೆ. ಚಹಾ ಮುಗಿಯುವಷ್ಟರಲ್ಲಿ ನಾಲ್ಕನೇ ಜಿನ್ನು ಕಟ್ಟಿಕೊಂಡು ಬೆಲ್ಟು ಹಾರಿತು. ಗಡ್ಡದ ಕಾಳು ಮೊದಲಿಗಿಂತ ಜಾಸ್ತಿ ಆಗಿತ್ತು. ಇಪ್ಪತ್ತು ವರ್ಷದ ಅನುಭವ ಅಂತ ಕಾರ್ಡಿನಲ್ಲಿ ಅಚ್ಚು ಹಾಕಿಸಿಕೊಂಡವನ ಮೊದಲ ದಿನ ಹೀಗೆ ಮುಗಿಯಿತು.

ಎರಡನೇ ದಿನ ಊಹೆ ಬಿಟ್ಟು ತಕ್ಕಡಿ ಹಿಡಿದೆ. ಒಂದೊಂದು ಜಿನ್ನಿಗೂ ಹತ್ತಿ ತುಸುವೂ ಕಡಿಮೆಯಾಗದಂತೆ, ಆದರೆ ಗುಡ್ಡೆ ಬೀಳದಂತೆ ಕೈಯಲ್ಲೇ ಉಣಿಸಿ, ಹತ್ತು ನಿಮಿಷದಲ್ಲಿ ಎಷ್ಟು ಅರಳೆ ಬಂತು ಅಂತ ತೂಗಿದೆವು. ಫೀಡರಿನ ಮಾತು ಬದಿಗಿಟ್ಟು, ಜಿನ್ನಿಗೆ ನಿಜವಾಗಿ ಎಷ್ಟು ತಿನ್ನುವ ಶಕ್ತಿ ಇದೆ ಎಂದಷ್ಟೇ ನೋಡಿದ್ದು. ಹನ್ನೆರಡಕ್ಕೂ ಬೇರೆ ಬೇರೆ ಅಂಕಿ. ಚುರುಕಾದ ಜಿನ್ನಿಗೂ ಸೋಮಾರಿ ಜಿನ್ನಿಗೂ ನಡುವೆ ಕಾಲು ಭಾಗಕ್ಕಿಂತ ಜಾಸ್ತಿ ವ್ಯತ್ಯಾಸ.

ಆಮೇಲೆ ಕ್ಯಾಲಿಪರ್ ತೆಗೆದುಕೊಂಡು ರೋಲರುಗಳ ದಪ್ಪ ಅಳೆದೆ. ಉತ್ತರದ ಬಹುಪಾಲು ಅಲ್ಲೇ ಇತ್ತು. ಹೊಸ ರೋಲರ್ ಸುಮಾರು 180 ಮಿಲಿಮೀಟರ್ ದಪ್ಪ. ಸವೆದ ಒಂದು ಜೋಡಿ 140ಕ್ಕೆ ಬಂದಿತ್ತು. ಎರಡೂ ನಿಮಿಷಕ್ಕೆ ನೂರು ಸುತ್ತು ತಿರುಗುತ್ತವೆ ಅಂದುಕೊಳ್ಳಿ. ದಪ್ಪ ರೋಲರಿನ ಮೈ ನಿಮಿಷಕ್ಕೆ 56 ಮೀಟರ್ ಚಿಲ್ಲರೆ ಓಡುತ್ತದೆ. ಸವೆದದ್ದು 44 ಮೀಟರ್. ಹತ್ತಿಯನ್ನು ಎಳೆಯುವುದು ರೋಲರಿನ ಮೈಯಲ್ವಾ? ಸುತ್ತು ಒಂದೇ ಆದರೂ ಎಳೆತ ಐದರಲ್ಲಿ ಒಂದು ಪಾಲು ಕಡಿಮೆ. ಕೈಯಲ್ಲಿ ಉಣಿಸುತ್ತಿದ್ದ ಕಾಲದಲ್ಲಿ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಯಾಕೆಂದರೆ ಸವೆದ ಜಿನ್ನಿನ ಮುಂದೆ ನಿಂತವರು ತಾವಾಗಿಯೇ ಕಡಿಮೆ ಹಾಕುತ್ತಿದ್ದರು.

ಫೀಡರಿಗೆ ಅದು ಗೊತ್ತಿಲ್ಲ. ಪ್ರತಿ ಫೀಡರಿಗೂ ಬೇರೆ ಮೋಟರ್ ಇತ್ತು, ವೇಗ ಹೆಚ್ಚು-ಕಡಿಮೆ ಮಾಡುವ ಗುಂಡಿಯೂ ಇತ್ತು. ಆದರೆ ಕೂರಿಸಿದ ಹುಡುಗ ಹನ್ನೆರಡು ಗುಂಡಿಗಳನ್ನೂ ಒಂದೇ ಅಂಕಿಗೆ ಇಟ್ಟು, ಮುಚ್ಚಳಕ್ಕೆ ಬೀಗ ಹಾಕಿ, ಕೀಲಿಯನ್ನು ಆಫೀಸಿನಲ್ಲಿ ಕೊಟ್ಟು ಹೋಗಿದ್ದ. "ಯಾರೂ ಮುಟ್ಟಬಾರ್ದು ಅಂತ ಹೇಳ್ಯಾರ್ರಿ" ಅಂದರು ಸಾಹುಕಾರರು. ಆಳುಗಳು ಕೆಡಿಸುತ್ತಾರೆ ಎಂಬ ಭಯ. ಹೀಗಾಗಿ ಹನ್ನೆರಡು ಹಸಿವಿಗೆ ಒಂದೇ ಅಳತೆಯ ತುತ್ತು. ಸವೆದವಕ್ಕೆ ಅಜೀರ್ಣ, ಹೊಸವಕ್ಕೆ ಉಪವಾಸ.

ಮಧ್ಯಾಹ್ನ ಊಟದ ಹೊತ್ತಿಗೆ ಈ ಲೆಕ್ಕವನ್ನು ಸಾಹುಕಾರರಿಗೆ ವಿವರಿಸುತ್ತಿದ್ದೆ. ಬಾಗಿಲ ಹತ್ತಿರ ಕಸ ಆರಿಸುತ್ತಿದ್ದ ಒಬ್ಬ ಹೆಂಗಸು ಕೇಳಿಸಿಕೊಂಡು ನಕ್ಕರು. ಮಿಲ್ಲಿನಲ್ಲಿ ಎಲ್ಲರೂ ಅವರನ್ನು ದೊಡ್ಡಕ್ಕ ಅಂತಲೇ ಕರೆಯುತ್ತಾರೆ. ಹದಿನೆಂಟು ಸೀಜನ್ ಕೈಯಿಂದ ಹತ್ತಿ ಉಣಿಸಿದವರು. ಫೀಡರ್ ಬಂದ ಮೇಲೆ ರಾಶಿಯ ಹತ್ತಿರ ಕಸ ಆರಿಸುವ ಕೆಲಸ, ಕೂಲಿಯೂ ಕಡಿಮೆ.

"ಯಾಕ ನಗ್ತಿ ದೊಡ್ಡಕ್ಕ?" ಅಂದೆ.

"ಮತ್ತೇನ್ ಮಾಡ್ಲಿ ಸರ? ನಾಕನೇದು, ಏಳನೇದು, ಹನ್ನೊಂದನೇದು ಮೊದ್ಲಿಂದ ಉಣ್ಣೂದ ಕಡಿಮಿ. ಅದನ್ನ ತಿಳ್ಕೊಳ್ಳಾಕ ನೀವು ತಕ್ಕಡಿ ತರಬೇಕಾತು."

ನನ್ನ ಪಟ್ಟಿಯಲ್ಲಿ ನಾಲ್ಕೂ ಹನ್ನೊಂದೂ ಇದ್ದವು. ಏಳು ಇರಲಿಲ್ಲ. ಅದರ ರೋಲರ್ ದಪ್ಪವಾಗಿಯೇ ಇತ್ತು. ತೂಕ ಸ್ವಲ್ಪ ಕಡಿಮೆ ಬಂದಿದ್ದರೂ ಉಣಿಸಿದವನ ಕೈ ನಿಧಾನ ಅಂದುಕೊಂಡು ಬಿಟ್ಟಿದ್ದೆ. "ಏಳು ಸರಿ ಐತಲ್ಲ" ಅಂದೆ. ಅವರು ಎದ್ದು ಬಂದು ಜಿನ್ನಿನ ಪಕ್ಕ ನಿಂತು, ತಲೆ ವಾಲಿಸಿ ಒಂದು ಗಳಿಗೆ ಕೇಳಿದರು. "ಜಾರಾಕತ್ತೇತಿ. ಸಪ್ಪಳ ಕೇಳ್ರಿ. ಹಿಡಿತಿಲ್ಲ ಅದು." ಜಿನ್ನು ನಿಲ್ಲಿಸಿ ರೋಲರ್ ಮೇಲೆ ಬೆರಳಾಡಿಸಿದೆ. ದಪ್ಪ ಇತ್ತು, ಆದರೆ ಸುರುಳಿ ಗಾಡಿ ಸವೆದು ಮೈ ನುಣ್ಣಗಾಗಿತ್ತು. ಗಾಡಿ ಇಲ್ಲದ ರೋಲರ್ ಅಂದರೆ ಬೋಳು ಟೈರು. ತಿರುಗುತ್ತದೆ, ಹಿಡಿಯುವುದಿಲ್ಲ. ಕ್ಯಾಲಿಪರ್ ದಪ್ಪ ಹೇಳುತ್ತದೆ, ಹಿಡಿತ ಹೇಳುವುದಿಲ್ಲ.

ನಾನು ಅವರನ್ನು ಕೂರಿಸಿಕೊಂಡು ಕೇಳಿದೆ, ಕೈಯಿಂದ ಹಾಕುವಾಗ ಏನೇನು ಮಾಡುತ್ತಿದ್ದಿರಿ ಅಂತ. ಅವರಿಗೆ ಪ್ರಶ್ನೆಯೇ ವಿಚಿತ್ರ ಅನ್ನಿಸಿತು. "ಹಾಕೂದು, ಮತ್ತೇನು?" ಅಂದರು. ಆದರೆ ಮಾತು ಬೆಳೆದ ಹಾಗೆ ಒಂದೊಂದೇ ಹೊರಬಿತ್ತು. ಬೆಳಗಿನ ಹತ್ತಿ ಇಬ್ಬನಿಗೆ ಒದ್ದೆಯಾಗಿ ಉಂಡೆ ಕಟ್ಟಿದ್ದರೆ ಬಿಡಿಸಿ, ಒಣ ಹತ್ತಿಯ ಜೊತೆ ಬೆರೆಸಿ ಹಾಕುತ್ತಿದ್ದರು. ರೋಲರಿನ ಒಂದು ತುದಿ ಹೆಚ್ಚು ಸವೆದಿದ್ದರೆ ಇನ್ನೊಂದು ತುದಿಗೆ ಜಾಸ್ತಿ ಹರವುತ್ತಿದ್ದರು. ಸಪ್ಪಳ ಭಾರವಾದರೆ ಕೈ ತಡೆಯುತ್ತಿದ್ದರು. ಕಲ್ಲು, ಚೀಲದ ದಾರ, ಗುಟ್ಕಾ ಚೀಟಿ, ತಲೆಗೂದಲು ಕೈಗೆ ಸಿಕ್ಕರೆ ಎತ್ತಿ ಹಿಂದಕ್ಕೆ ಎಸೆಯುತ್ತಿದ್ದರು.

ಈ ಕೊನೆಯದನ್ನು ಕೇಳಿದಾಗ ನನಗೆ ಇನ್ನೊಂದು ವಿಷಯ ಹೊಳೆಯಿತು. ಫೀಡರ್ ಬಂದ ಎರಡನೇ ವಾರ ಐದನೇ ಜಿನ್ನಿನಲ್ಲಿ ಸಣ್ಣ ಬೆಂಕಿ ಹತ್ತಿತ್ತಂತೆ. ಬಕೆಟ್ ನೀರಿನಲ್ಲಿ ಆರಿಸಿ ಎಲ್ಲರೂ ಮರೆತಿದ್ದರು. ಕಾರಣ ಕೇಳಿದರೆ "ವೈರಿಂಗ್" ಅಂದರು. ಮುಳ್ಳಿನ ಸಿಲಿಂಡರ್ ಬಿಚ್ಚಿ ನೋಡಿದರೆ ಎರಡು ಮುಳ್ಳು ಬಾಗಿವೆ, ಜಾಲರಿಯ ಮೇಲೆ ಗೀರು. ಕಲ್ಲೋ ಕಬ್ಬಿಣದ ಚೂರೋ ಬಡಿದು ಕಿಡಿ ಹಾರಿದೆ. ಹತ್ತಿಯ ಬೆಂಕಿ ಕೆಟ್ಟದ್ದು. ಮೇಲೆ ಆರಿದಂತೆ ಕಂಡರೂ ಒಳಗೊಳಗೇ ಹೊಗೆಯಾಡುತ್ತದೆ. ಅರಳೆಯ ಜೊತೆ ಬೇಲಿನೊಳಗೆ ಹೋದರೆ ದಿನಗಟ್ಟಲೆ ಬದುಕಿರುತ್ತದೆ, ಗೋದಾಮಿನಲ್ಲೋ ಲಾರಿಯಲ್ಲೋ ಏಳುತ್ತದೆ. ಪ್ಲಾಸ್ಟಿಕ್ಕಿನ ಕಥೆ ಇನ್ನೊಂದು. ಕೈಗೆ ಸಿಕ್ಕಿದ್ದರೆ ಅದು ಒಂದು ಚೀಟಿ, ಮುಳ್ಳಿಗೆ ಸಿಕ್ಕರೆ ನೂರು ಚೂರು. ಆಮೇಲೆ ಯಾವ ಯಂತ್ರವೂ ಅದನ್ನು ಅರಳೆಯಿಂದ ಪೂರ್ತಿ ಬಿಡಿಸಲಾರದು. ಬಟ್ಟೆಗೆ ಬಣ್ಣ ಹಾಕಿದ ಮೇಲೆ ಬಿಳಿ ಚುಕ್ಕೆಯಾಗಿ ಕಾಣಿಸಿಕೊಳ್ಳುತ್ತದೆ.

ನಾವೆಲ್ಲ ಕೂಲಿ ಅಂತ ಲೆಕ್ಕ ಹಾಕಿದ್ದು ಹತ್ತಿ ಎತ್ತಿ ಹಾಕುವ ತೋಳನ್ನು ಮಾತ್ರ. ಫೀಡರ್ ಆ ತೋಳಿನ ಬದಲಿಗೆ ಬಂತು. ಆ ತೋಳಿಗೆ ಅಂಟಿಕೊಂಡಿದ್ದ ಕಿವಿ, ಕಣ್ಣು, ಬೆರಳಿನ ಬದಲಿಗೆ ಏನೂ ಬರಲಿಲ್ಲ. ಫೀಡರಿನ ಬಿಲ್ಲಿನಲ್ಲಿ ಅವಕ್ಕೆ ಸಾಲೇ ಇರಲಿಲ್ಲ.

ಹಾಗಂತ ಕೈ ಉಣಿಸುವುದಕ್ಕೇ ಮರಳಬೇಕಿತ್ತೇ? ಇಲ್ಲ. ಹಳೆಯದನ್ನು ಹೊಗಳುವವರು ಒಂದು ದಿನ ಆ ಕಟ್ಟೆಯ ಮೇಲೆ ನಿಂತು ನೋಡಲಿ. ದೊಡ್ಡಕ್ಕನೇ ಅಂದರು, "ಆ ಧೂಳ್ನ್ಯಾಗ ಮತ್ತ ನಿಲ್ಲಂತ ಹೇಳಬ್ಯಾಡ್ರಿ."

ಮೂರನೇ ದಿನ ಮಾಡಿದ್ದು ಸಣ್ಣ ಸಣ್ಣ ಕೆಲಸ. ಮೊದಲು ಆಫೀಸಿನಿಂದ ಕೀಲಿ ತರಿಸಿದೆ. ತೂಕದ ಪಟ್ಟಿ ಮುಂದಿಟ್ಟುಕೊಂಡು ಒಂದೊಂದು ಫೀಡರಿನ ವೇಗವನ್ನೂ ಅದರ ಜಿನ್ನಿಗೆ ತಕ್ಕಂತೆ ಹೊಂದಿಸಿದೆವು. ಗುರುತು ಸರಳ. ಚಾಕುವಿನ ಮೇಲೆ ಹತ್ತಿಯ ತೆಳು ಹೊದಿಕೆ ಸದಾ ಇರಬೇಕು, ಗುಡ್ಡೆ ಬೀಳಬಾರದು, ರೋಲರಿನ ಬರಿ ಮೈ ಕಾಣಬಾರದು. ಏಳನೆಯದಕ್ಕೆ ಹೊಸದಾಗಿ ಗಾಡಿ ಕೊರೆಸಿದೆವು. ನಾಲ್ಕರದೂ ಹನ್ನೊಂದರದೂ ರೋಲರ್ ಬದಲಾಯಿಸಲು ಸಾಹುಕಾರರು ಒಪ್ಪಲಿಲ್ಲ. ಇರಲಿ, ಅವಕ್ಕೆ ಕಡಿಮೆ ತುತ್ತು ಅಂತ ಗೊತ್ತಾದ ಮೇಲೆ ಅವೂ ಶಾಂತವಾದವು. ಕನ್ವೇಯರಿನಲ್ಲಿ ಮೊದಲ ಮೂರು ಗಂಟಲುಗಳ ತಗಡನ್ನು ಅರ್ಧ ಮುಚ್ಚಿದೆವು. ಸ್ಕ್ರೂ ಕನ್ವೇಯರಿನ ಗುಣವೇ ಅದು, ಮೊದಲು ಸಿಕ್ಕ ತೂತಿನಲ್ಲೇ ಎಲ್ಲ ಸುರಿದುಬಿಡುತ್ತದೆ. ಪಂಕ್ತಿಯ ಮೊದಲ ಎಲೆಗಳಿಗೇ ಪಾಯಸ ಖಾಲಿ ಮಾಡುವ ಬಡಿಸುವವರ ಹಾಗೆ. ಬಾಲದಲ್ಲಿ ಮಿಕ್ಕಿ ಬಿದ್ದ ಹತ್ತಿ ನೆಲಕ್ಕೆ ಬೀಳದೆ ಪೈಪಿನ ಬಾಯಿಗೇ ಮರಳುವಂತೆ ಮಾಡಿದೆವು.

ಹಸಿ ಹತ್ತಿಯ ಮಾತು ಕಂಪನಿಯ ಹುಡುಗ ಪೂರ್ತಿ ಸುಳ್ಳು ಹೇಳಿರಲಿಲ್ಲ. ಕೇಂದ್ರ ಸರ್ಕಾರದ ಹತ್ತಿ ನಿಗಮ ಖರೀದಿಸುವಾಗ ತೇವ ನೂರಕ್ಕೆ 8 ಇದ್ದರೆ ಪೂರ್ತಿ ಬೆಲೆ. ಅದಕ್ಕಿಂತ ಮೇಲೆ 12ರವರೆಗೆ ಕಡಿತ ಮಾಡಿಕೊಂಡು ಕೊಳ್ಳುತ್ತದೆ. ಜಿನ್ನಿಗೂ ಎಂಟರ ಆಸುಪಾಸೇ ಹಿತ. ಈ ಮಿಲ್ಲಿನಲ್ಲಿ ರಾತ್ರಿಯ ರಾಶಿಯನ್ನು ಬೆಳಿಗ್ಗೆ ಆರಕ್ಕೇ ಪೈಪಿಗೆ ಹಾಕುತ್ತಿದ್ದರು. ಇಬ್ಬನಿ ಹೀರಿದ ಮೇಲ್ಪದರವನ್ನು ಬಿಸಿಲೇರುವವರೆಗೆ ಹರವಿ, ನಡುವಿನ ಒಣ ಹತ್ತಿಯಿಂದ ಶುರು ಮಾಡಿ ಅಂದೆ. ಅಷ್ಟಕ್ಕೇ ಬೆಳಗಿನ ಕಟ್ಟಿಕೊಳ್ಳುವಿಕೆ ಮುಕ್ಕಾಲು ನಿಂತಿತು. ಪೈಪಿನ ದಾರಿಯಲ್ಲಿ ಆಯಸ್ಕಾಂತ, ಕಲ್ಲು ಬೀಳುವ ಒಂದು ಡಬ್ಬಿ ಕೂರಿಸಿದೆವು. ರಾಶಿಯ ಹತ್ತಿರ ದಾರ, ಪ್ಲಾಸ್ಟಿಕ್ ಆರಿಸಲು ಇಬ್ಬರ ಬದಲು ನಾಲ್ವರು.

ನಿಜವಾದ ಜಟಾಪಟಿ ನಡೆದದ್ದು ಕೀಲಿಯ ಬಗ್ಗೆ. ರೋಲರ್ ದಿನಾ ಸವೆಯುತ್ತದೆ. ಇವತ್ತಿನ ಅಂಕಿ ಮುಂದಿನ ವಾರಕ್ಕೆ ತಪ್ಪು. ಹಾಗಾದರೆ ತಿದ್ದುವವರು ಯಾರು? ಸಾಹುಕಾರರು ಮಿಸ್ತ್ರಿಗೆ ಕೊಡೋಣ ಅಂದರು. ಮಿಸ್ತ್ರಿಗೆ ಪ್ರೆಸ್ಸು, ಮೋಟರು, ಜನರೇಟರು ಎಲ್ಲ ತಲೆ ಮೇಲಿವೆ. ನಾನು ದೊಡ್ಡಕ್ಕನಿಗೆ ಕೊಡಿ ಅಂದೆ. ಆಫೀಸಿನಲ್ಲಿ ಒಂದು ಕ್ಷಣ ಯಾರೂ ಮಾತಾಡಲಿಲ್ಲ. "ಆಕಿಗೆ ಅಂಕಿ ಓದಾಕ ಬರಂಗಿಲ್ರಿ" ಅಂದರು ಗುಮಾಸ್ತರು. ಅದು ನಿಜವಿತ್ತು. ಕೊನೆಗೆ ಒಂದು ರಾಜಿ ಆಯಿತು. ಅವರು ದಿನಕ್ಕೆ ಎರಡು ಸಲ ಸಾಲಿನ ಉದ್ದಕ್ಕೂ ನಡೆದು, ಫೀಡರಿನ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯುವುದು. ಒಂದು ಗೆರೆ ಅಂದರೆ ಸರಿ ಇದೆ. ಎರಡು ಅಂದರೆ ತುತ್ತು ಕಡಿಮೆ ಮಾಡಬೇಕು. ಮೂರು ಅಂದರೆ ನಿಲ್ಲಿಸಿ ಗಾಡಿ ನೋಡಬೇಕು. ಗುಂಡಿ ತಿರುಗಿಸುವುದು ಮಿಸ್ತ್ರಿ. ಕೂಲಿ ಎಷ್ಟು ಅಂತ ದೊಡ್ಡಕ್ಕ ಅಲ್ಲೇ ಕೇಳಿದರು. ಸಾಹುಕಾರರು "ನೋಡೂಣು" ಅಂದರು. ಹಾಗಾದರೆ ಗೆರೆಯನ್ನೂ ನೋಡೋಣ ಅಂತ ಅವರು ಸೀಮೆಸುಣ್ಣ ಮೇಜಿನ ಮೇಲಿಟ್ಟರು. ಮರುದಿನ ಹಳೆಯ ಕೂಲಿಗೆ ಮಾತಾಯಿತು, ನಾನು ಹೊರಟ ಮೇಲೆ.

ಎಲ್ಲವೂ ಸರಿಹೋಯಿತು ಅನ್ನಲಾರೆ. ಗಡ್ಡದ ಕಾಳು ಕಡಿಮೆಯಾಯಿತು, ಬೆಲ್ಟು ಹಾರುವುದು ನಿಂತಿತು, ದಿನದ ಬೇಲು ಕೈ ಉಣಿಸುವ ಕಾಲದ ಲೆಕ್ಕವನ್ನು ದಾಟಿತು. ಆದರೆ ಪೈಪಿನ ಬಾಯಿಯಲ್ಲಿ ಹತ್ತಿ ತಳ್ಳುವವರ ಧೂಳು ಹಾಗೇ ಇದೆ. ಕಟ್ಟೆಯ ಮೇಲಿದ್ದ ಕೆಮ್ಮು ಅಲ್ಲಿಗೆ ಹೋಗಿ ಕೂತಿದೆ, ಅಷ್ಟೇ. ಮುಖಕ್ಕೆ ಮಾಸ್ಕ್ ಕೊಟ್ಟಿದ್ದಾರೆ, ಸೆಕೆಗೆ ಯಾರೂ ಹಾಕುವುದಿಲ್ಲ. ಹತ್ತಿ ಉಣಿಸುತ್ತಿದ್ದ ಹೆಂಗಸರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿ ಈಗ ಆ ಮಿಲ್ಲಿಗೆ ಬರುವುದಿಲ್ಲ. ಫೀಡರ್ ಕೊಳ್ಳುವವರಿಗೆ ನಾನು ಈಗ ಒಂದು ಮಾತು ಹೇಳುತ್ತೇನೆ. ಹಳೇ ಜಿನ್ನಿನ ಮೇಲೆ ಹೊಸ ಫೀಡರ್ ಹಾಕುವ ಮೊದಲು ಒಂದೊಂದು ಜಿನ್ನನ್ನೂ ತೂಗಿ ನೋಡಿ. ಇಲ್ಲವೇ ಉಣಿಸುವವರನ್ನು ಕೇಳಿ, ಅದು ಇನ್ನೂ ಅಗ್ಗ.

ಫೆಬ್ರವರಿಯಲ್ಲಿ ಬೇರೆ ಕೆಲಸಕ್ಕೆ ಆ ದಾರಿಯಲ್ಲಿ ಹೋಗುವಾಗ ಮಿಲ್ಲಿಗೆ ಹೊಕ್ಕೆ. ಫೀಡರುಗಳ ಹಸಿರು ಬಣ್ಣದ ಮೇಲೆಲ್ಲ ಸೀಮೆಸುಣ್ಣದ ಗೆರೆಗಳು, ಒರೆಸಿ ಬರೆದು ಒರೆಸಿ ಬರೆದು ಬಿಳಿ ಮೋಡವಾಗಿತ್ತು. ಒಂಬತ್ತನೆಯದರ ಮೇಲೆ ಮೂರು ಗೆರೆ. ಮಿಸ್ತ್ರಿ ಗೊಣಗುತ್ತಾ ಅದರ ರೋಲರ್ ಇಳಿಸುತ್ತಿದ್ದ. ದೊಡ್ಡಕ್ಕ ಹತ್ತನೆಯದರ ಪಕ್ಕ ತಲೆ ವಾಲಿಸಿ ನಿಂತಿದ್ದರು. ನಾನು ಮಾತಾಡಿಸಲು ಹೋದರೆ, ತಡೆಯಿರಿ ಅಂತ ಕೈ ಎತ್ತಿದರು.